ಶನಿವಾರದ ಊಟಕ್ಕೊಂದು ಹೋಟೆಲ್

ಕಪಿಲಾ ನದಿಯ ದಂಡೆಯ ಮೇಲೆ ಒಂದು ಸಣ್ಣ ಮಠ. ಮಠದಲ್ಲಿ ಒಬ್ಬ ವಯಸ್ಸಾದ ಗುರು. ಅವರನ್ನು ಕಾಣಲು ಮೈಸೂರಿನಿಂದ ಪ್ರತಿ ಭಾನುವಾರ ಬರುತ್ತಿದ್ದ ಶಿಷ್ಯ ಷಡಕ್ಷರಿ. ಭೂಮಾಪನ ಇಲಾಖೆಯಲ್ಲಿ ಸರ್ವೆಯರ್. ಕುಡಿತವಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಒಳ್ಳೆಯ ಗಂಡ ಅನ್ನಿಸಿಕೊಳ್ಳಲು ಇಷ್ಟಿದ್ದರೆ ಸಾಕು ಎಂದುಕೊಂಡವರು ಬಹಳ ಮಂದಿ. ಇವನೂ ಅವರಲ್ಲೊಬ್ಬ.

ಒಂದು ಭಾನುವಾರ ಬೆಳಿಗ್ಗೆ ಅವನು ಬಂದಾಗ ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದರು.

"ಬುದ್ಧಿ, ಮಂಗಳ ನನ್ನ ಬಿಟ್ಟು ಹೋಗ್ತಾಳಂತೆ," ಎಂದ.

ಮಂಗಳ ಅವನ ಹೆಂಡತಿ. ಮದುವೆಯಾಗಿ ಹನ್ನೆರಡು ವರ್ಷ.

"ಯಾವಾಗ?"

"ಬರೋ ಭಾನುವಾರ ಬೆಳಿಗ್ಗೆ. ಗುಂಡ್ಲುಪೇಟೆಗೆ, ಅವರಮ್ಮನ ಮನೆಗೆ. ಮತ್ತೆ ಬರಲ್ವಂತೆ. ಯಾಕೆ ಅಂದ್ರೆ ಸಾಕಾಗಿದೆ ಅಂತಾಳೆ, ಅಷ್ಟೇ. ಹೋಗೋದಕ್ಕೆ ಮುಂಚೆ ಶನಿವಾರ ಸಂಜೆ ಒಂದೇ ಒಂದು ಸಲ ನನ್ನ ಜೊತೆ ಹೋಟೆಲಿಗೆ ಊಟಕ್ಕೆ ಬಾ, ಆಮೇಲೆ ನಿನ್ನಿಷ್ಟ ಅಂದೆ. ಒಪ್ಪಿದ್ದಾಳೆ."

"ಸರಿ ಮತ್ತೆ."

"ಯಾವ ಹೋಟೆಲ್ ಅಂತ ನೀವು ಹೇಳ್ಬೇಕು, ಬುದ್ಧಿ."

ಜೇಬಿನಿಂದ ಮಡಚಿದ ಕಾಗದ ತೆಗೆದ. ನಾಲ್ಕು ಹೋಟೆಲುಗಳ ಹೆಸರಿತ್ತು. ನಾಲ್ಕಕ್ಕೂ ಅವನೇ ಹೋಗಿ ಉಂಡು ಬಂದಿದ್ದ. ಮೇಜಿನಿಂದ ಮೇಜಿಗೆ ಎಷ್ಟು ಅಡಿ ದೂರ ಅನ್ನುವುದನ್ನೂ ಬರೆದುಕೊಂಡಿದ್ದ. ಹೊಲ ಅಳೆದ ಕೈ, ಸುಮ್ಮನಿರುವುದಿಲ್ಲ.

"ಮೊದಲನೇದು ಚೆನ್ನಾಗಿದೆ, ಆದ್ರೆ ದಿನಾ ಯಾರದೋ ಮಕ್ಕಳ ಹುಟ್ಟುಹಬ್ಬ, ಗಲಾಟೆ. ಎರಡನೇದು ದೊಡ್ಡವರು ಹೋಗೋ ಜಾಗ, ಅಷ್ಟು ದುಡ್ಡು ಸುರಿದ್ರೆ ಅವಳೇ ಬೈತಾಳೆ. ಮೂರನೇದು ಅಗ್ಗ, ಟ್ಯೂಬ್‌ಲೈಟು, ಅಲ್ಲಿ ಕೂತ್ರೆ ಆಸ್ಪತ್ರೇಲಿ ಕೂತಂಗಿರುತ್ತೆ. ನಾಲ್ಕನೇದು ಮಹಡಿ ಮೇಲಿದೆ. ರೇಟು ಹದವಾಗಿದೆ. ಮೇಜಿನ ಮೇಲೆ ಮೇಣದಬತ್ತಿ ಇಡ್ತಾರೆ. ಮೆತ್ತಗೆ ಕೊಳಲು ಹಾಕಿರ್ತಾರೆ. ಬೆಟ್ಟದ ದೀಪ ಕಾಣ್ಸುತ್ತೆ."

ಗುರುಗಳು ಬಟ್ಟೆ ಹಿಂಡಿದರು.

"ಅವಳು ಉಣ್ಣೋದನ್ನ ನೋಡಿದ್ದೀಯಾ?"

ಷಡಕ್ಷರಿ ತಬ್ಬಿಬ್ಬಾದ. "ನೋಡಿದ್ದೀನಿ, ಬುದ್ಧಿ. ಮದುವೇಲಿ, ಭೂಮದ ಊಟಕ್ಕೆ ಒಟ್ಟಿಗೆ ಕೂರಿಸ್ತಾರಲ್ಲ, ಆವತ್ತು."

"ಆಮೇಲೆ?"

"ಆಮೇಲೆ... ನಮ್ಮನೇಲಿ ಗಂಡಸರದ್ದು ಆದ್ಮೇಲೆ ಹೆಂಗಸರು ಅಲ್ವಾ. ಅಮ್ಮನೂ ಹಂಗೇ ಇದ್ರು. ಅಡುಗೆಮನೇಲಿ ಉಣ್ತಾಳೆ."

"ಏನು ಉಣ್ತಾಳೆ?"

"ನಾನು ಉಂಡಿದ್ದನ್ನೇ ಅಲ್ವಾ, ಬುದ್ಧಿ?"

ಗುರುಗಳು ಅವನ ಮುಖವನ್ನೇ ನೋಡಿದರು. ಆಮೇಲೆ ಎದ್ದು ಹೊರಟರು.

"ಇವತ್ತು ದಾಸೋಹದಲ್ಲಿ ನೀನೇ ಬಡಿಸು. ಎಲ್ಲರೂ ಎದ್ದ ಮೇಲೆ ಉಣ್ಣು," ಎಂದರು.

ಅವನು ಬಡಿಸಿದ. ಎರಡು ಪಂಕ್ತಿ, ಎಂಬತ್ತು ಜನ. ಕೊನೆಗೆ ಅಡುಗೆಮನೆಯ ಮೂಲೆಯಲ್ಲಿ ಒಬ್ಬನೇ ಕೂತು ಉಂಡ. ಕೈ ತೊಳೆದು ಬಂದು ಗುರುಗಳ ಮುಂದೆ ನಿಂತ.

"ಏನಿತ್ತು?"

"ತಳದ ಅನ್ನ, ತಿಳಿಸಾರು. ಪಲ್ಯ ಆಗೋಗಿತ್ತು."

"ಯಾರಾದರೂ ಕೇಳಿದರಾ?"

"ಕೇಳೋಕೆ ಯಾರಿದ್ರು, ಬುದ್ಧಿ? ಎಲ್ಲಾ ಉಂಡು ಎದ್ದಿದ್ರು."

ಇಷ್ಟು ಹೇಳಿದವನಿಗೆ ಅಲ್ಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕಾಗದವನ್ನು ಮತ್ತೆ ಬಿಚ್ಚಿ ಹಿಡಿದ.

"ಹಂಗಾದ್ರೆ ನಾಲ್ಕನೇದೇ ಮಾಡ್ಲಾ?"

"ಎಲ್ಲಿಗಾದರೂ ಹೋಗು," ಎಂದರು ಗುರುಗಳು. "ಅವಳಿಗಿಂತ ಮೊದಲು ನೀನು ಉಣ್ಣಬೇಡ."

ಮುಂದಿನ ಭಾನುವಾರ ಅವನು ಬರುವಾಗ ಮಧ್ಯಾಹ್ನ ಮೂರು ದಾಟಿತ್ತು. ದಾಸೋಹ ಮುಗಿದು ನೆಲ ತೊಳೆಯುತ್ತಿದ್ದರು. ಷಡಕ್ಷರಿ ಗಡ್ಡ ಬೋಳಿಸಿರಲಿಲ್ಲ.

"ಹೋಗಿಬಿಟ್ಟಳು, ಬುದ್ಧಿ."

ಗುರುಗಳು ಕೂರಲು ಹೇಳಿದರು.

"ನಾಲ್ಕನೇದಕ್ಕೇ ಕರ್ಕೊಂಡು ಹೋದೆ. ಮೂಲೆ ಮೇಜು ಹೇಳಿಟ್ಟಿದ್ದೆ. ಒಳ್ಳೆ ಗಾಳಿ ಇತ್ತು. ಅವಳು ಹಸಿರು ಸೀರೆ ಉಟ್ಟಿದ್ದಳು. ಬೆಟ್ಟದ ದೀಪ ನೋಡಿ ಚೆನ್ನಾಗಿದೆ ಅಂದಳು. ನಾನಂತೂ ಗೆದ್ದೆ ಅಂದ್ಕೊಂಡೆ."

"ಆಮೇಲೆ?"

"ಊಟ ಬಂತು. ಅವಳು ಎದ್ದು ನಿಂತು ನನ್ನ ತಟ್ಟೆಗೆ ಬಡಿಸಿದಳು. ಹೋಟೆಲಲ್ಲಿ, ಬುದ್ಧಿ! ಸಪ್ಲೈಯರ್ ಪಕ್ಕದಲ್ಲೇ ನಿಂತಿದ್ದಾನೆ. ನನಗೆ ಹೆಂಗೋ ಆಯ್ತು. ಕೂತ್ಕೋ, ಮೊದಲು ನೀನು ಉಣ್ಣು ಅಂದೆ."

"ಹೂಂ."

"ಯಾಕೆ ಅಂದಳು. ಬುದ್ಧಿಯವರು ಹೇಳಿದ್ದಾರೆ ಅಂದೆ."

ಗುರುಗಳು ಕಣ್ಣು ಮುಚ್ಚಿಕೊಂಡರು.

"ಅದನ್ನೂ ಅವರೇ ಹೇಳ್ಬೇಕಾಯ್ತಾ ಅಂದಳು. ಆಮೇಲೆ ತುತ್ತು ಕೈಗೆ ತಗೊಂಡಳು. ನಾನು ಅವಳನ್ನೇ ನೋಡ್ತಾ ಕೂತಿದ್ದೆ. ತುತ್ತು ಬಾಯಿ ಹತ್ರ ಹೋಗಿದ್ದು ಹಂಗೇ ತಟ್ಟೆಗೆ ಬಂತು. ಮತ್ತೆ ಎತ್ತಿದಳು, ಮತ್ತೆ ಇಟ್ಟಳು. ನಿಮ್ಮೆದುರಿಗೆ ಗಂಟಲಲ್ಲಿ ಇಳಿಯಲ್ಲ ಅಂದಳು. ಕಣ್ಣಲ್ಲಿ ನೀರು ತುಂಬಿತ್ತು. ರೊಟ್ಟಿ ಆರಿ ಹೋಯ್ತು. ಸಪ್ಲೈಯರ್ ಬಂದು, ಏನ್ ಸಾರ್, ಚೆನ್ನಾಗಿಲ್ವಾ ಅಂತ ಕೇಳ್ದ. ಕೊನೆಗೆ ಅವಳೇ, ನೀವು ಉಣ್ಣಿ, ನನಗೆ ಅಭ್ಯಾಸ ಆಗಿದೆ ಅಂದಳು."

"ನೀನೇನು ಮಾಡಿದೆ?"

ಷಡಕ್ಷರಿ ತಲೆ ತಗ್ಗಿಸಿದ.

"ಬೆಳಿಗ್ಗೆಯಿಂದ ಹಸ್ಕೊಂಡಿದ್ದೆ, ಬುದ್ಧಿ. ಉಂಡೆ."

"ಆಮೇಲೆ?"

"ಅವಳದ್ದನ್ನ ಕಟ್ಟಿಸ್ಕೊಂಡಳು. ಮನೆಗೆ ಬಂದು ಅಡುಗೆಮನೆ ಬಾಗಿಲು ಹಾಕ್ಕೊಂಡು ಉಂಡಳು. ಬೆಳಿಗ್ಗೆ ಬ್ಯಾಗ್ ತಗೊಂಡು ಹೊರಟೇಬಿಟ್ಟಳು." ಅವನು ಮೂಗು ಒರೆಸಿಕೊಂಡ. "ನಾನು ಎಡವಿದ್ದು ಎಲ್ಲಿ ಅಂತ ಈಗ ಗೊತ್ತಾಯ್ತು, ಬುದ್ಧಿ. ಅವಳಿಗೆ ಜನದ ಮುಂದೆ ಉಣ್ಣೋಕೆ ನಾಚಿಕೆ. ಈ ಊರಲ್ಲೇ ಇನ್ನೊಂದು ಹೋಟೆಲ್ ವಿಚಾರಿಸಿದ್ದೀನಿ. ಮರದ ಹಲಗೆ ಅಡ್ಡ ಕಟ್ಟಿ ಸಣ್ಣ ಸಣ್ಣ ಕೋಣೆ ಮಾಡಿದ್ದಾರೆ, ಹೊರಗಿನವರಿಗೆ ಕಾಣ್ಸಲ್ಲ. ಹೋಗಿ ಕಾಲು ಹಿಡಿದಾದರೂ ಕರ್ಕೊಂಡು ಬರ್ತೀನಿ."

"ಅವಳು ಇಲ್ಲಿಗೆ ಬಂದಿದ್ದಳು," ಎಂದರು ಗುರುಗಳು.

ಷಡಕ್ಷರಿ ಎದ್ದು ನಿಂತ. "ಯಾರು? ಮಂಗಳಾನಾ? ಯಾವಾಗ?"

"ಇವತ್ತೇ. ಗುಂಡ್ಲುಪೇಟೆ ಬಸ್ಸು ಈ ದಾರಿಯಲ್ಲೇ ಅಲ್ಲವಾ. ನಿನಗೆ ಬುದ್ಧಿ ಹೇಳೋನು ಯಾರು ಅಂತ ನೋಡೋಕೆ ಇಳಿದಳಂತೆ. ಊಟದ ಹೊತ್ತು, ಕೂತ್ಕೊಳ್ಳಮ್ಮಾ ಅಂದೆ."

"ಕೂತಳಾ?"

"ಕೂತಳು. ಮೊದಲನೇ ಪಂಕ್ತಿಯಲ್ಲಿ. ಆಚೆ ಈಚೆ ಗಂಡಸರೇ ಇದ್ದರು."

"ಉಂಡಳಾ, ಬುದ್ಧಿ?"

"ಉಂಡಳು."

"ಅಷ್ಟು ಜನರ ಎದುರಿಗೆ?"

"ಅಷ್ಟು ಜನರ ಎದುರಿಗೆ."

ಷಡಕ್ಷರಿ ಒದ್ದೆ ನೆಲದ ಮೇಲೇ ಕೂತುಬಿಟ್ಟ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನಿಗೆ ಉಣ್ಣುತ್ತಿರುವ ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಅವಳ ಪಕ್ಕದಲ್ಲಿ ತನಗೆ ಜಾಗವಿಲ್ಲ ಅನ್ನುವುದೂ ತಿಳಿಯಿತು. ಅಳು ಬಂತು, ಅತ್ತ. ಗುರುಗಳು ತಡೆಯಲಿಲ್ಲ.

ಬಹಳ ಹೊತ್ತಿನ ಮೇಲೆ ಕೇಳಿದ, "ನನ್ನ ವಿಷಯ ಏನಾದ್ರೂ ಅಂದಳಾ, ಬುದ್ಧಿ?"

"ಇಲ್ಲಪ್ಪ," ಎಂದರು ಗುರುಗಳು. "ಇನ್ನೊಂದು ಮುದ್ದೆ ಹಾಕಿ ಅಂದಳು."