ಟೊಳ್ಳು ಶಿಲುಬೆಯ ಭಾರ

“ಸ್ವಾಮಿ, ಒಳಗೆ ಏನೂ ಇಲ್ಲದವನು ಎದೆಯ ಮೇಲೆ ಶಿಲುಬೆ ಹಾಕಿಕೊಳ್ಳಬಹುದೇ?”

ಕೇಳಿದವನು ಇನ್ನಾಸಪ್ಪ. ಆಶ್ರಮಕ್ಕೆ ಶಿಷ್ಯನಾಗಿ ಬಂದು ಆರು ವರ್ಷವಾಗಿತ್ತು. ಅವನ ಗುರು ಚೌರಪ್ಪ ಸ್ವಾಮಿಗಳು ಜಗಲಿಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

“ಯಾರ ವಿಷಯ ಇದು?” ಎಂದರು.

“ನನ್ನದೇ. ಶಿಲುಬೆ ಎಂದರೆ ಪ್ರೀತಿಯ ಗುರುತು ಎಂದು ನೀವೇ ಕಲಿಸಿದಿರಿ. ನನ್ನಲ್ಲಿ ಗುರುತು ಮಾತ್ರ ಉಳಿದಿದೆ. ಒಂದು ವರ್ಷದಿಂದ ಪ್ರಾರ್ಥನೆ ನಾಲಿಗೆಯಿಂದ ಕೆಳಗಿಳಿದಿಲ್ಲ. ಆದರೂ ದಿನವೂ ರೋಗಿಗಳ ಮನೆಗೆ ಹೋಗುತ್ತೇನೆ. ಈ ಶಿಲುಬೆ ಕಂಡರೆ ಅವರ ಮುಖ ಅರಳುತ್ತದೆ. ಅಲ್ಲಿ ಲೂರ್ದಮ್ಮ ಎಂಬ ಮುದುಕಿ ಇದ್ದಾಳೆ. ಹಾಸಿಗೆಯಿಂದ ಏಳಲಾರಳು. ನಾನು ಹೋದ ಕೂಡಲೇ ಇದನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ. ತನ್ನ ನೋವು ಕಳೆಯಲಿ ಎಂದು ಕೇಳುವುದಿಲ್ಲ. ‘ಈ ಮಗಂಗೆ ಬಲ ಕೊಡಪ್ಪ’ ಎಂದು ಬೇಡಿಕೊಳ್ಳುತ್ತಾಳೆ. ನನಗೆ ನಾಚಿಕೆಯಾಗುತ್ತದೆ. ಇದು ಮರದ ತುಂಡು, ನಾನು ಇದನ್ನು ತೂಗುಹಾಕುವ ಗೂಟ. ಅವರಿಗೆಲ್ಲ ಮೋಸ ಮಾಡುತ್ತಿದ್ದೇನೆ. ಇವತ್ತು ಇದನ್ನು ನಿಮ್ಮ ಕೈಗೆ ಕೊಟ್ಟು ಊರಿಗೆ ಹೊರಟುಬಿಡುತ್ತೇನೆ.”

ಅವನ ಬಟ್ಟೆಗಂಟು ಆಗಲೇ ಸಿದ್ಧವಾಗಿತ್ತು. ಗುರುಗಳು ಬೈಯಬಹುದು, ಇಲ್ಲವೇ ಸಮಾಧಾನ ಹೇಳಬಹುದು ಎಂದುಕೊಂಡು ಎರಡಕ್ಕೂ ಉತ್ತರ ಹೊಂದಿಸಿಕೊಂಡು ಬಂದಿದ್ದ. ಗುರುಗಳು ಎರಡನ್ನೂ ಮಾಡಲಿಲ್ಲ. ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಶುಭ ಶುಕ್ರವಾರದ ದಿನ ಆ ಊರಿನವರು ಶಿಲುಬೆಯ ಹಿಂದೆ ಗುಡ್ಡ ಹತ್ತುತ್ತಿದ್ದರು. ಒಬ್ಬ ಗಂಡಸು ಬರಿಗಾಲಿನಲ್ಲಿ ಅದನ್ನು ಹೊತ್ತು ಮುಂದೆ ನಡೆಯಬೇಕು. ಪ್ರಭು ಮೂರು ಸಲ ಬಿದ್ದ ನೆನಪಿಗೆ ದಾರಿಯಲ್ಲಿ ಮೂರು ಕಡೆ ಅವನೂ ಬೀಳಬೇಕು. ಹೊತ್ತವನಿಗೆ ವರ್ಷವಿಡೀ ಮರ್ಯಾದೆ. ಮದುವೆಯೂಟದಲ್ಲಿ ಮೊದಲ ಎಲೆ ಅವನದೇ.

ಆ ವರ್ಷ ಹಳೆಯ ಶಿಲುಬೆಗೆ ಗೆದ್ದಲು ಹಿಡಿದಿತ್ತು. ಹೊಸದನ್ನು ತಾನೇ ಮಾಡಿಸುತ್ತೇನೆ, ತಾನೇ ಹೊರುತ್ತೇನೆ ಎಂದು ವರ್ತಕ ಹಿರಿಯರಿಗೆ ಹೇಳಿದ. ಅವರು ಒಪ್ಪಿದರು. ಮನೆಗೆ ಬಂದ ಮೇಲೆ ಅವನಿಗೆ ಗುಡ್ಡ ನೆನಪಾಯಿತು. ಗಾದಿಯ ಮೇಲೆ ಕೂತು ಬೆಳೆದ ಮೈ ಅದು. ಊರಿನ ಹೊಗಳಿಕೆ ಬೇಕಿತ್ತು, ಹೆಗಲ ನೋವು ಬೇಡವಾಗಿತ್ತು. ನನ್ನ ನಿನ್ನ ಹಾಗೆಯೇ ಮನುಷ್ಯ, ಬಿಡು.

ಅವನು ಪಕ್ಕದೂರಿನ ಬಡಗಿಯ ಬಳಿಗೆ ಹೋದ.

“ನೋಡಿದೋರಿಗೆ ಗಟ್ಟಿ ಹೊನ್ನೆ ಮರ ಕಾಣ್ಬೇಕು. ಹೊತ್ತೋನಿಗೆ ಭಾರ ಗೊತ್ತಾಗ್ಬಾರ್ದು” ಎಂದ.

“ಒಳಗೇನು ತುಂಬ್ಲಿ ಸಾಮಿ?”

“ಗಾಳಿ ತುಂಬು.”

“ತಟ್ಟಿದ್ರೆ ಡಬಡಬ ಅಂತದೆ.”

“ಶಿಲುಬೆಗೆ ಮುತ್ತಿಡ್ತಾರೆ ಕಣಯ್ಯ. ಅದೇನು ತೆಂಗಿನಕಾಯಾ, ತಟ್ಟಿ ನೋಡೋಕೆ?”

ಬಡಗಿ ಒಳ್ಳೆಯ ಕೆಲಸಗಾರ. ತೆಳ್ಳನೆಯ ಹಲಗೆಗಳನ್ನು ಸಂದು ಕಾಣದಂತೆ ಕೂಡಿಸಿದ. ನೋಡಿದರೆ ನಾಲ್ಕು ಜನರ ಹೊರೆ. ಎತ್ತಿದರೆ ಒಣಗಿದ ಸೋರೆಬುರುಡೆ.

ಶುಕ್ರವಾರ ಬಂತು. ವರ್ತಕ ಶಿಲುಬೆಯನ್ನು ಹೆಗಲಿಗೇರಿಸಿ ಹೊರಟ. ಹಲ್ಲು ಕಚ್ಚಿದ, ಏದುಸಿರು ಬಿಟ್ಟ. ಬೀಳಬೇಕಾದ ಕಡೆ ಬಿದ್ದ. ಬಲು ಚೆನ್ನಾಗಿಯೇ ಬಿದ್ದ. ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು. ಅಳು ಕೇಳಿದಷ್ಟೂ ಅವನ ನರಳಾಟ ಜೋರಾಯಿತು.

ಎರಡನೆಯ ಸಲ ಬಿದ್ದಾಗ ಗುಂಪಿನಿಂದ ಒಬ್ಬ ಹೆಂಗಸು ಮುಂದೆ ಬಂದಳು. ಸೌದೆ ಹೊತ್ತು ಬದುಕುವವಳು. ಭಾರ ಎಂದರೇನೆಂದು ಆ ಊರಿನಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ವರ್ತಕನ ಕಷ್ಟ ಅವಳಿಂದ ನೋಡಲಾಗಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನೆಲದಲ್ಲಿ ಎಳೆಯುತ್ತಿದ್ದ ಹಿಂದಿನ ತುದಿಗೆ ಹೆಗಲು ಕೊಟ್ಟು, ಇದ್ದ ಬಲವನ್ನೆಲ್ಲ ಹಾಕಿ ಎತ್ತಿದಳು.

ಶಿಲುಬೆ ಸರಕ್ಕನೆ ಮೇಲಕ್ಕೆ ಹೋಯಿತು.

ವರ್ತಕ ಹೌಹಾರಿ ತಿರುಗಿ ನೋಡಿದ. ಅವಳೂ ಅವನನ್ನು ನೋಡಿದಳು. ಅವಳಿಗೆ ಎಲ್ಲವೂ ಗೊತ್ತಾಗಿಹೋಯಿತೆಂದು ಅವನಿಗೆ ತಿಳಿಯಿತು. ಅವಳು ಒಮ್ಮೆ ನಕ್ಕರೆ ಸಾಕು, ಈ ಊರಿನಲ್ಲಿ ಅವನು ಮತ್ತೆ ತಲೆ ಎತ್ತಿ ನಡೆಯುವ ಹಾಗಿಲ್ಲ. ಅವನ ಹೆಂಡತಿ ಮಕ್ಕಳೂ ನಡೆಯುವ ಹಾಗಿಲ್ಲ.

ಅವಳು ನಗಲಿಲ್ಲ. ಶಿಲುಬೆಯನ್ನು ಮೆಲ್ಲಗೆ ಹೆಗಲಿಗೆ ಇಳಿಸಿಕೊಂಡಳು. ತುಂಬಿದ ಸೌದೆ ಹೊರೆಗೆ ಬಾಗುವಂತೆ ಬೆನ್ನು ಬಾಗಿಸಿದಳು. ಆಮೇಲೆ ಜನರ ಕಡೆಗೆ ಕೂಗಿದಳು: “ದಾರಿ ಬುಡ್ರಪ್ಪೋ, ಬಲೇ ಭಾರ ಐತೆ!”

ಅವಳನ್ನು ನೋಡಿ ಮನ ಕರಗಿದ ನಾಲ್ಕಾರು ಗಂಡಸರು ಕೈ ಕೊಡಲು ಬಂದರು. “ಬ್ಯಾಡಿ, ನಾವಿಬ್ರೇ ಸಾಕು” ಎಂದು ಗದರಿದಳು, ಒಬ್ಬರನ್ನೂ ಹತ್ತಿರ ಸೇರಿಸಲಿಲ್ಲ. ಗುಡ್ಡದ ನೆತ್ತಿಯವರೆಗೂ ಬಾಗಿಸಿದ ಬೆನ್ನನ್ನು ನೆಟ್ಟಗೆ ಮಾಡಲಿಲ್ಲ.

ಅಲ್ಲಿಂದ ಮುಂದೆ ವರ್ತಕನಿಗೆ ನರಳಲು ಮನಸ್ಸಾಗಲಿಲ್ಲ. ಅವನ ಸುಳ್ಳನ್ನು ಹಿಂದಿನವಳು ಹೊತ್ತಿದ್ದಳು. ಬೆನ್ನ ಹಿಂದೆ ಅವಳ ಉಸಿರು ಕೇಳಿಸುತ್ತಿತ್ತು. ಒಂದೊಂದು ಹೆಜ್ಜೆ ಕಿತ್ತಿಡುವುದೂ ಕಷ್ಟವಾಯಿತು. ಮೂರನೆಯ ಸಲ ಬೀಳಬೇಕಾದ ಜಾಗಕ್ಕೆ ಅವನು ತಲುಪಲೇ ಇಲ್ಲ. ಹತ್ತು ಮಾರು ಮೊದಲೇ ಬಿದ್ದ.

ನೆತ್ತಿಯ ಮೇಲೆ ಶಿಲುಬೆಯನ್ನು ನೆಟ್ಟಗೆ ಹಿಡಿದು ನಿಂತ. ಜನ ಒಬ್ಬೊಬ್ಬರಾಗಿ ಬಂದು ಅದಕ್ಕೆ ಹಣೆ ಹಚ್ಚಿದರು. ಕಣ್ಣು ಮಂಜಾಗುತ್ತಿದ್ದ ನೇಕಾರ ಬಂದ, ಎಷ್ಟೋ ಹೊತ್ತು ಹಣೆ ತೆಗೆಯಲಿಲ್ಲ. ಬಾಣಂತಿ ಮಗಳನ್ನು ಮಣ್ಣಿಗಿಟ್ಟು ಬಂದ ತಾಯಿ ಅದನ್ನು ತಬ್ಬಿಕೊಂಡು ನಿಂತಳು. ಅಷ್ಟು ವರ್ಷ ಅದೇ ಜನರ ನಡುವೆ ವ್ಯಾಪಾರ ಮಾಡಿದ್ದರೂ ವರ್ತಕ ಅವರ ಮುಖಗಳನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅವನಿಗೆ ಅಳು ಬಂತು. ತಡೆಯಲು ಹೋಗಲಿಲ್ಲ.

ಎಲ್ಲರೂ ಇಳಿದುಹೋದ ಮೇಲೆ ಆ ಹೆಂಗಸನ್ನು ಕೇಳಿದ: “ಯಾಕವ್ವ, ಯಾರಿಗೂ ಹೇಳ್ಲಿಲ್ಲ?”

“ಏನಂತ ಹೇಳ್ಲಪ್ಪ? ಅವ್ರವ್ರ ಕಷ್ಟನೆಲ್ಲ ತಂದು ಅದ್ರ ಮ್ಯಾಲೆ ಇಳಿಸ್ತಾವ್ರೆ. ಮರ ಟೊಳ್ಳು ಅಂದ್ಬುಟ್ರೆ, ಪಾಪ, ಎಲ್ಲಾನೂ ಮತ್ತೆ ಹೊತ್ಕೊಂಡು ಮನೆಗೆ ಹೋಗ್ಬೇಕಲ್ಲ” ಎಂದಳು. ಆಮೇಲೆ ಅವನ ಮುಖ ನೋಡಿದಳು. “ನಿಂಗೂ ಒಬ್ರು ಬೇಕಾಗಿತ್ತು ಅನ್ನಿಸ್ತು.”

ಗುರುಗಳು ಅಷ್ಟಕ್ಕೆ ಕತೆ ನಿಲ್ಲಿಸಿ, ಹುಣಸೆಯ ನಾರನ್ನು ಒಟ್ಟುಮಾಡಿ ಪಕ್ಕಕ್ಕಿಟ್ಟರು.

ಇನ್ನಾಸಪ್ಪನಿಗೆ ಸಮಾಧಾನವಾಗಲಿಲ್ಲ. ಸಿಟ್ಟೇ ಬಂತು. “ಹಾಗಾದರೆ ಟೊಳ್ಳು ಶಿಲುಬೆ ಹೊರುವುದು ತಪ್ಪಲ್ಲ ಎನ್ನುತ್ತೀರಾ?”

“ನಾನೆಲ್ಲಿ ಹಾಗೆಂದೆ? ವರ್ತಕನೂ ಹಾಗೆನ್ನಲಿಲ್ಲ. ಮರುವರ್ಷ ಗಟ್ಟಿ ಮರದ ಶಿಲುಬೆ ಮಾಡಿಸಿ ತಂದು ಹಿರಿಯರ ಮುಂದಿಟ್ಟ. ಆಮೇಲೆ ಟೊಳ್ಳು ಶಿಲುಬೆಯ ಗುಟ್ಟನ್ನು ತನ್ನ ಬಾಯಿಂದಲೇ ಹೇಳಿದ. ಊರು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ಅವನು ಆ ನಗುವನ್ನೂ ಹೊತ್ತುಕೊಂಡ.”

“ಅವನ ಪುಣ್ಯ, ಅಂಥವಳು ಸಿಕ್ಕಳು” ಎಂದ ಇನ್ನಾಸಪ್ಪ. “ನಾನು ಒಬ್ಬನೇ ಹೊರಬೇಕು ಸ್ವಾಮಿ. ನನ್ನಿಂದ ಆಗುವುದಿಲ್ಲ.” ಕೊರಳಿನ ದಾರವನ್ನು ತೆಗೆಯಲು ಕೈ ಹಾಕಿದ.

ಗುರುಗಳು ಅವನ ಕೈಯನ್ನು ತಡೆಯಲಿಲ್ಲ. ಇಷ್ಟೇ ಕೇಳಿದರು:

“ಮಗೂ, ಹಿಂದಿನ ತುದಿಗೆ ಯಾರು ಹೆಗಲು ಕೊಟ್ಟಿದ್ದಾರೆಂದು ನೀನು ಒಮ್ಮೆಯಾದರೂ ತಿರುಗಿ ನೋಡಿದ್ದೀಯಾ?”

ಇನ್ನಾಸಪ್ಪ ದಾರ ಬಿಟ್ಟು, ಲೂರ್ದಮ್ಮ ಹಿಡಿದುಕೊಳ್ಳುವ ಹಾಗೆಯೇ ಶಿಲುಬೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.