ತಾಳು ಅನ್ನುವ ತಂತಿ

ಕಾರ್ಖಾನೆಯ ಕಂಪ್ಯೂಟರಿಗೂ ಕೊರೆಯುವ ಯಂತ್ರಕ್ಕೂ ನಡುವೆ ಒಂದು ಕೇಬಲ್ ಇತ್ತು. ಅದರೊಳಗಿನ ತಂತಿಗಳೆಲ್ಲ ಕಂಪ್ಯೂಟರಿನ ಅಪ್ಪಣೆಯನ್ನು ಕೆಳಕ್ಕೆ ಹೊರುತ್ತಿದ್ದವು. ಒಂದೇ ಒಂದು ತಂತಿ ಯಂತ್ರದ ಮಾತನ್ನು ಮೇಲಕ್ಕೆ ಒಯ್ಯುತ್ತಿತ್ತು: "ತಾಳು, ಕೈಯಲ್ಲಿ ಕೆಲಸವಿದೆ."

"ಇವಳೊಬ್ಬಳು ಕೆಲಸಗೇಡಿ," ಎಂದು ಕಂಪ್ಯೂಟರ್ ಬೈಯುತ್ತಿತ್ತು. ಯಂತ್ರದ ತುದಿಯ ಬೈರಿಗೆಯೂ ನಗುತ್ತಿತ್ತು.

ಒಂದು ದಿನ ಆ ತಂತಿಯ ಬೆಸುಗೆ ಬಿಟ್ಟಿತು. "ಎದುರು ಮಾತಿಲ್ಲ ಅಂದರೆ ಎಲ್ಲರಿಗೂ ಒಪ್ಪಿಗೆ!" ಎಂದು ಕಂಪ್ಯೂಟರ್ ಅಪ್ಪಣೆಗಳನ್ನು ಒಂದರ ಮೇಲೊಂದು ಸುರಿಯಿತು. ಆ ಗದ್ದಲದಲ್ಲಿ "ಮೇಲೇಳು" ಎಂಬುದು ಕಳೆದುಹೋಯಿತು, "ಪಕ್ಕಕ್ಕೆ ಸರಿ" ಎಂಬುದಷ್ಟೇ ಯಂತ್ರಕ್ಕೆ ಕೇಳಿಸಿತು. ತೂತಿನೊಳಗಿದ್ದ ಬೈರಿಗೆ ಬಾಗತೊಡಗಿತು. "ಅಯ್ಯೋ, ಮುರಿದುಹೋದೆ!" ಎಂದು ಚೀರಿತು.

ಮೆಕ್ಯಾನಿಕ್ ದಾವಲಸಾಬ ಓಡಿಬಂದು ಕೆಂಪು ಗುಂಡಿ ಒತ್ತಿ ಯಂತ್ರವನ್ನು ನಿಲ್ಲಿಸಿದ. ಅವನು ಕೇಬಲ್ ಬಿಚ್ಚಿ ತಂತಿಯನ್ನು ಬೆಸೆಯುವಾಗ ಕಂಪ್ಯೂಟರ್ ಗೊಣಗಿತು: "ಮತ್ತೆ ಆ ಬಾಯಿಬಡಕಿಯೇ?"

"ಅವಳೇ ಬೇಕು!" ಎಂದಿತು ಬೈರಿಗೆ. "ಮುರಿಯುವುದು ನನ್ನ ಮೈ, ನಿನಗೇನು?"

ಕೆಲಸ ಮತ್ತೆ ಶುರುವಾಯಿತು. ಬೈರಿಗೆ ತೂತಿನೊಳಗಿದ್ದಾಗ ಕಂಪ್ಯೂಟರ್ ಮುಂದಿನ ಅಪ್ಪಣೆಗೆ ಬಾಯಿ ತೆರೆಯಿತು.

"ತಾಳು!" ಎಂದಿತು ತಂತಿ.

ಕಂಪ್ಯೂಟರ್ ಬಾಯಿ ಮುಚ್ಚಿಕೊಂಡು ಕಾದು ನಿಂತಿತು. ಬೈರಿಗೆ ಇಡಿಯಾಗಿ ಹೊರಬಂದು ಲೋಹದ ಚೂರುಗಳನ್ನು ಕೊಡವಿಕೊಂಡಿತು.

"ನಿನ್ನ ಬಾಯಿಗೆ ಸಕ್ಕರೆ ಹಾಕ, ತಂಗಿ," ಎಂದಿತು. "ಇನ್ನೂ ಜೋರಾಗಿ ಕೂಗು."