ಅರ್ಧ ಹಡಗಿಗೆ ಒಂದು ಮನೆ

ಡೈರಿಯಲ್ಲಿ ೨೦೦೭ನೇ ಇಸವಿ ಡಿಸೆಂಬರ್ ಆರು, ಗುರುವಾರದ ಬರಹ ಅರ್ಧಕ್ಕೆ ನಿಂತಿದೆ. ಬಿ.ಎ. ಮುಗಿಸಿದ ವರ್ಷದಿಂದ ನೀಲಾಂಬಿಕಾ ಒಂದು ದಿನವೂ ತಪ್ಪದೆ ಡೈರಿ ಬರೆದರು. ಮಕ್ಕಳು ಹುಟ್ಟಿದ ದಿನವೂ ಬರೆದರು, ಯಜಮಾನರು ತೀರಿಕೊಂಡ ದಿನವೂ ಬರೆದರು. ಅಷ್ಟು ಡೈರಿಗಳಲ್ಲಿ ಅರ್ಧಕ್ಕೆ ನಿಂತ ಬರಹ ಇದೊಂದೇ.

ಅದರ ಮೊದಲ ಸಾಲು ಒಂದು ಪ್ರಶ್ನೆ: ‘ಕಣ್ಣಾರೆ ನೋಡಿ ಕೊಂಡವರು ಮೋಸ ಹೋಗುತ್ತಾರೆಯೇ?’

ಪ್ರಶ್ನೆ ಕೇಳಿದ್ದು ಧಾರವಾಡದ ಹೊರಗಿರುವ ಒಂದು ಸಣ್ಣ ಮಠದ ಅಜ್ಜನವರಿಗೆ. ಗುರುವಾರ ಗುರುವಾರ ಅಲ್ಲಿಗೆ ಹೋಗಿ ಕೂರುವುದು ನೀಲಾಂಬಿಕಾ ಅವರ ಬಹುಕಾಲದ ರೂಢಿ. ಆ ಸಲ ಎರಡು ಗುರುವಾರ ತಪ್ಪಿದ್ದವು.

“ಏನವ್ವಾ ನೀಲವ್ವಾ, ಎರಡು ವಾರ ಪತ್ತೇನ ಇಲ್ಲ. ಈ ಮುದುಕನ ಮಾತು ಬ್ಯಾಸರಾತೇನು?”

“ಪರದೇಶಕ್ಕ ಹೋಗಿದ್ದೆರೀ ಅಜ್ಜಾರ. ಪ್ರವಾಸದವರ ಸಂಗಾಟ, ನಲವತ್ತು ಮಂದಿ. ಕಡಲ ದಂಡಿ ಊರು. ಏನು ಊರಂತೀರಿ! ಹೋದಲ್ಲೆಲ್ಲಾ ಕನ್ನಡ ಕೇಳತಿತ್ತು. ಪರದೇಶ ಅನ್ನಸಲೇ ಇಲ್ಲ.”

ಆ ಊರಿನಲ್ಲಿ ನೀಲಾಂಬಿಕಾ ಒಂದು ಮನೆ ನೋಡಿ ಬಂದಿದ್ದರು. ಎರಡು ಕೋಣೆ, ಕಡಲಿನ ಕಡೆಗೆ ಒಂದು ಕಿಟಕಿ. ಕೊಂಡು ಬಾಡಿಗೆಗೆ ಕೊಡುವುದು. ಬಾಡಿಗೆದಾರರನ್ನು ಹುಡುಕಿ ತಿಂಗಳು ತಿಂಗಳು ಹಣ ಕಳಿಸುವ ಹೊಣೆ ಅಲ್ಲಿಯ ಒಬ್ಬ ದಲ್ಲಾಳಿಯದು. ಅವನ ಮಾತನ್ನಷ್ಟೇ ನಂಬಿ ಬರುವವರಲ್ಲ ನೀಲಾಂಬಿಕಾ. ಅಲ್ಲಿದ್ದ ಎಂಟು ದಿನವೂ ಸಂಜೆ ಆ ಮನೆಯ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು ಎಣಿಸಿದ್ದರು. ಅರವತ್ತೆರಡು ಮನೆ. ಅರವತ್ತೆರಡರಲ್ಲೂ ದೀಪ. ಎಂಟು ಸಂಜೆಯ ಎಣಿಕೆಯೂ ಡೈರಿಯಲ್ಲಿತ್ತು.

ಮನೆಯ ಬೆಲೆ ಹೊಂದಿಸಲು ಪೇಟೆಯಲ್ಲಿದ್ದ ಬಟ್ಟೆ ಅಂಗಡಿಯನ್ನು ಮಾರಬೇಕಾಗಿತ್ತು. ಹನ್ನೊಂದು ಮಂದಿಯ ಊಟ ಆ ಅಂಗಡಿಯಿಂದ ನಡೆಯುತ್ತಿತ್ತು. ಅಂಗಡಿಯನ್ನು ಕೊಳ್ಳುವವರು ಸಿಕ್ಕಿದ್ದರು. ಸೋಮವಾರ ಖರೀದಿ ಪತ್ರಕ್ಕೆ ಸಹಿ.

“ಮಕ್ಕಳು ಏನಂತಾರ?”

“ಅವರೇನಂತಾರ್ರೀ! ಮನ್ಯಾಗ ಡಿಗ್ರಿ ಇದ್ದಾಕಿ ನಾನೊಬ್ಬಾಕಿ. ಲೆಕ್ಕಾ ನನಗ ಕಲಸಾಕ ಬರತಾರ.” ನೀಲಾಂಬಿಕಾ ಸೆರಗು ಸರಿಮಾಡಿಕೊಂಡರು. “ಬಾಡಿಗಿ ಮನಿ ವ್ಯವಹಾರ ನನಗ ಹೊಸದು, ಅದು ಖರೆ. ಆದರ ನಾ ಯಾರೋ ಹೇಳಿದ್ದು ಕೇಳಿ ಕೊಳ್ಳಾಕತ್ತಿಲ್ಲ. ಕಣ್ಣಾರೆ ನೋಡಿ ಬಂದೀನಿ. ಕಣ್ಣಾರೆ ನೋಡಿ ಕೊಂಡವರು ಮೋಸ ಹೋಗತಾರೇನ್ರೀ?”

ಅಜ್ಜನವರು ನೀಲಾಂಬಿಕಾ ಅವರ ಕೈಚೀಲದ ಕಡೆ ನೋಡಿದರು.

“ಡೈರಿ ತಂದೀಯಿಲ್ಲೋ? ಬರಕೋ,” ಎಂದರು.

ಅವರು ಆಡುಮಾತಿನಲ್ಲಿ ಒಂದು ಕತೆ ಹೇಳಿದರು. ನೀಲಾಂಬಿಕಾ ಅದನ್ನು ತಿದ್ದಿ ಬರಹದ ಮಾತಿನಲ್ಲಿ ಬರೆದುಕೊಂಡರು.

ಕರಾವಳಿಯ ಒಂದು ಊರಿನಲ್ಲಿ ಒಬ್ಬ ಮೆಣಸಿನ ವ್ಯಾಪಾರಿ ಇದ್ದನು. ಒಂದು ಹಡಗಿನಲ್ಲಿ ಅವನಿಗೆ ಅರ್ಧ ಪಾಲು. ಉಳಿದರ್ಧ ಅವನ ಜೊತೆಗಾರನದು. ಆ ರೇವಿನಲ್ಲಿ ಅದೇ ದೊಡ್ಡ ಹಡಗು. ಅದರ ಹಾಯಿ ಒಮ್ಮೆ ಹರಿದಾಗ ವ್ಯಾಪಾರಿಯ ಹೆಂಡತಿ ತನ್ನ ಹಸಿರು ಸೀರೆಯಿಂದ ತೇಪೆ ಹಾಕಿದ್ದಳು. ಹಡಗು ನಡೆಸುವವನಿಗೆ ನಕ್ಷತ್ರಗಳ ಗುರುತು ಚೆನ್ನಾಗಿತ್ತು. ಆದ್ದರಿಂದ ದೊಡ್ಡ ಹಡಗು ಹೋದ ಕಡೆಗೆ ಹನ್ನೆರಡು ಸಣ್ಣ ಹಡಗುಗಳು ಹಿಂದಿನಿಂದ ಹೋಗುತ್ತಿದ್ದವು.

ದೀಪಾವಳಿ ಕಳೆದ ಮೇಲೆ ಬೀಸುವ ಗಾಳಿ ಅವುಗಳನ್ನು ಕಡಲಾಚೆ ಒಯ್ಯುತ್ತಿತ್ತು. ಮುಂಗಾರಿಗೆ ಮೊದಲು ಬೀಸುವ ಗಾಳಿ ಮರಳಿ ತರುತ್ತಿತ್ತು. ನಡುವಿನ ದಿನಗಳನ್ನು ಆಚೆಯ ಯಾವುದಾದರೊಂದು ರೇವಿನಲ್ಲಿ ಕಳೆಯಬೇಕು.

ಯಾವ ರೇವು ಎಂಬುದಕ್ಕೆ ಅವರಲ್ಲಿ ಒಂದು ಕ್ರಮವಿತ್ತು. ಹೊರಡುವ ದಿನ ಹಡಗಿನ ಮುಂದೆ ತೆಂಗಿನಕಾಯಿ ಒಡೆಯುವರು. ಪಾಲುದಾರರಿಬ್ಬರೂ ಒಂದೊಂದು ಹೋಳು ಹಿಡಿದು ಒಂದೊಂದು ಊರಿನ ಹೆಸರು ಹೇಳುವರು. ಇಬ್ಬರ ಬಾಯಲ್ಲೂ ಒಂದೇ ಹೆಸರು ಬಂದರೆ ಹಡಗು ಅಲ್ಲಿಗೆ. ಎರಡು ಹೆಸರು ಬಂದರೆ ಹಿಂದಿನ ವರ್ಷ ಹೋದ ಊರಿಗೇ.

ಜೊತೆಗಾರನು ಪ್ರತಿ ವರ್ಷ ‘ಬಡಗಣ ರೇವು’ ಎನ್ನುತ್ತಿದ್ದನು. ವ್ಯಾಪಾರಿಯು ‘ಬಿಳಿಯ ಊರು’ ಎನ್ನುತ್ತಿದ್ದನು. ಇಪ್ಪತ್ತು ವರ್ಷ ಹೀಗೆಯೇ ನಡೆಯಿತು. ಅದಕ್ಕೆ ಮೊದಲು ಹೋದದ್ದೂ ಅಲ್ಲಿಗೇ ಆದ್ದರಿಂದ, ಇಪ್ಪತ್ತು ವರ್ಷವೂ ಹಡಗು ಬಿಳಿಯ ಊರಿಗೇ ಹೋಯಿತು.

ಬಿಳಿಯ ಊರಿನ ಮನೆಗಳಿಗೆ ಸುಣ್ಣ ಬಳಿದಿತ್ತು. ಬಾಗಿಲುಗಳು ನೀಲಿ. ಬೆಳಕು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹಾಲಿನಂತೆ ಹರಿಯುತ್ತಿತ್ತು. ಪ್ರತಿ ಮನೆಯಲ್ಲೂ ಬಾಡಿಗೆಗೆ ಜನ. ಹಡಗಿನಿಂದ ಇಳಿದ ದಿನವೇ ಮನೆ ಹಿಡಿಯದಿದ್ದರೆ ಮತ್ತೆ ಸಿಗುತ್ತಿರಲಿಲ್ಲ. ವ್ಯಾಪಾರಿಯೂ ಬಾಡಿಗೆ ಕೊಟ್ಟೇ ಇರುತ್ತಿದ್ದನು. ಕೊಡುವಾಗಲೆಲ್ಲ, ಇದನ್ನು ಪಡೆಯುವವನು ನಾನಾಗಬಾರದೇಕೆ ಎಂದುಕೊಳ್ಳುತ್ತಿದ್ದನು.

ಆಮೇಲೆ ಅವನಿಗೆ ಒಂದು ಕನಸು ಬೀಳತೊಡಗಿತು. ಕನಸಿನಲ್ಲಿ ಅವನು ತನ್ನ ಊರಿನ ಮನೆಯ ಜಗಲಿಯ ಮೇಲೆ ಕುಳಿತಿರುವನು. ಕಡಲ ಮೇಲಿಂದ ಒಂದು ನೀಲಿ ಬಾಗಿಲು ತೇಲಿ ಬರುವುದು. ಮೆಟ್ಟಿಲಿಗೆ ತಾಗಿ ನಿಲ್ಲುವುದು. ತೆರೆದರೆ ಒಳಗೆ ಆ ತಿಂಗಳ ಬಾಡಿಗೆ. ಅವನು ಎದ್ದು ನಿಲ್ಲಬೇಕಾಗಿಯೂ ಇರಲಿಲ್ಲ.

ಇಪ್ಪತ್ತೊಂದನೆಯ ವರ್ಷ ಬಿಳಿಯ ಊರಿನಲ್ಲಿ ಒಂದು ಮನೆ ಮಾರಾಟಕ್ಕೆ ಬಂತು. ವ್ಯಾಪಾರಿಯು ಹಡಗಿನ ತನ್ನ ಪಾಲನ್ನು, ಅದೇ ಹಡಗಿನಲ್ಲಿ ಬಂದಿದ್ದ ಜೊತೆಗಾರನಿಗೇ ಮಾರಲು ಹೋದನು.

“ಹಡಗು ಮಾರಿ ಮನೆ ಕೊಳ್ಳುತ್ತೀಯಲ್ಲ, ಮಾರಾಯ. ಮನೆ ತೇಲುತ್ತದೆಯೇ?” ಎಂದು ಜೊತೆಗಾರನು ನಕ್ಕನು.

“ಮುಳುಗುವುದೂ ಇಲ್ಲ,” ಎಂದನು ವ್ಯಾಪಾರಿ.

ಜೊತೆಗಾರನು ಚಿನ್ನ ತೂಗಿ ಕೊಟ್ಟನು.

ಮನೆ ಮಾರಿದವನು ಚಿನ್ನ ತೆಗೆದುಕೊಂಡನು. ಬಳಿಕ ಬಾಗಿಲನ್ನು ಕೀಲಿನಿಂದ ಎತ್ತಿ ಹೆಗಲ ಮೇಲೆ ಹೊತ್ತನು. ಆ ಊರಿನಲ್ಲಿ ಮನೆಯ ಕ್ರಯಕ್ಕೆ ಬಾಗಿಲು ಸೇರುವುದಿಲ್ಲವಂತೆ. ಹೊಸ ನಾಡು, ಹೊಸ ರೂಢಿ ಎಂದು ವ್ಯಾಪಾರಿಯು ಹೆಚ್ಚು ಕೇಳಲಿಲ್ಲ. ಮಗಳ ಮದುವೆಗೆಂದು ಕೊಂಡಿಟ್ಟಿದ್ದ ಮುತ್ತು ಕೊಟ್ಟು ಬಾಗಿಲನ್ನೂ ಕೊಂಡನು.

ಗಾಳಿ ತಿರುಗಿತು. ಹಡಗುಗಳು ಹೊರಟವು. ವ್ಯಾಪಾರಿಯು ಉಳಿದನು. ಒಂದು ವರ್ಷ ಇದ್ದು, ಬಾಡಿಗೆಯ ವ್ಯವಹಾರ ಕೈಗೆ ಹತ್ತಿದ ಮೇಲೆ ಹೋಗುವುದೆಂದು ಅವನ ಎಣಿಕೆ.

ಮರುದಿನ ಬೆಳಿಗ್ಗೆ ಊರಿನವರೆಲ್ಲ ಬಾಗಿಲುಗಳನ್ನು ಕಳಚಿದರು. ಕತ್ತೆಗಳ ಮೇಲೆ ಹೇರಿದರು. ನೀಲಿ ಬಾಗಿಲುಗಳ ಸಾಲು ಗುಡ್ಡದ ದಾರಿ ಹಿಡಿಯಿತು. ಕಡಲಿನದೇ ಒಂದು ಪಟ್ಟಿ ಎದ್ದು ಗುಡ್ಡ ಹತ್ತುತ್ತಿರುವಂತೆ ಕಂಡಿತು. ಎಲ್ಲರಿಗಿಂತ ಹಿಂದೆ ಒಬ್ಬ ಮುದುಕಿ ಇದ್ದಳು. ಅವಳ ಕತ್ತೆಗೂ ವಯಸ್ಸಾಗಿತ್ತು.

“ಎಲ್ಲರೂ ಎಲ್ಲಿಗೆ ಹೊರಟಿರಿ, ಅಜ್ಜಿ?”

“ಮನೆಗೆ. ಗುಡ್ಡದಾಚೆ ಅಂಜೂರದ ತೋಟಗಳಿವೆ. ಈ ಬಾಗಿಲುಗಳ ಮೇಲೆ ಹಣ್ಣು ಒಣಗಿಸುತ್ತೇವೆ.”

“ಹಾಗಾದರೆ ಇವು ಯಾರ ಮನೆಗಳು?”

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಇವು ಮನೆಗಳಲ್ಲ, ಮಗನೇ. ಇವು ನಿಮಗೆ,” ಎಂದು ಕತ್ತೆಯನ್ನು ಹೊಡೆದಳು.

ಊರಿನಲ್ಲಿ ಒಬ್ಬ ಮನುಷ್ಯ ಉಳಿದನು, ಒಂದು ಬಾಗಿಲು ಉಳಿಯಿತು. ವ್ಯಾಪಾರಿಯು ಬೆಳಿಗ್ಗೆ ಬೀಗ ತೆಗೆಯುವನು, ಸಂಜೆ ಬೀಗ ಹಾಕುವನು. ಎಡಗಡೆ ಬಾಗಿಲಿಲ್ಲ, ಬಲಗಡೆ ಬಾಗಿಲಿಲ್ಲ. ಬೀದಿಯ ಮೇಲ್ತುದಿಯ ಮನೆಯಲ್ಲಿ ನಿಂತರೆ, ಒಂದಾದ ಮೇಲೊಂದು ಬಾಗಿಲಿಲ್ಲದ ಮನೆ ದಾಟಿ ನೋಟ ನೇರವಾಗಿ ಕಡಲಿಗೆ ಬೀಳುತ್ತಿತ್ತು. ಮರಳು ಹೊಸ್ತಿಲು ದಾಟಿ ಬಂದು ಕೋಣೆಗಳಲ್ಲಿ ಬೀಡುಬಿಟ್ಟಿತು. ವಾರಕ್ಕೊಮ್ಮೆ ಒಬ್ಬ ಮೀನುಗಾರ ಬಂದು ಮೀನು ಕೊಟ್ಟು ಹೋಗುತ್ತಿದ್ದನು. ಮಿಕ್ಕ ದಿನಗಳಲ್ಲಿ ಮಾತು ಮರೆತುಹೋಗದಿರಲೆಂದು ವ್ಯಾಪಾರಿಯು ಬಾಡಿಗೆಯ ಕರಾರುಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುವನು. ಒಮ್ಮೊಮ್ಮೆ ಹೊರಗೆ ಬಂದು ತನ್ನ ಬಾಗಿಲನ್ನು ತಾನೇ ತಟ್ಟುವನು. ಒಳಗಿರುವ ಬಾಡಿಗೆದಾರನಿಗೆ ಅದು ಹೇಗೆ ಕೇಳಿಸಬಹುದೆಂದು ಯೋಚಿಸುತ್ತ ನಿಲ್ಲುವನು. ಎಷ್ಟೋ ಹೊತ್ತು, ಒಳಗಿನಿಂದ ಯಾರೋ ಎದ್ದು ಬರುವರೆಂದೇ ಕಾಯುವನು.

ಹೀಗೆ ದಿನಗಳು ಹೋದವು. ಗಾಳಿ ಮತ್ತೆ ತಿರುಗಿತು. ನೀಲಿ ಬಾಗಿಲುಗಳು ಗುಡ್ಡ ಇಳಿದು ಬಂದವು. ಊರಿನವರು ಮರಳು ಗುಡಿಸಿದರು, ಸುಣ್ಣ ಬಳಿದರು. ಬಾಗಿಲುಗಳಿಗೆ ಒಣಹಣ್ಣಿನ ವಾಸನೆ ಹತ್ತಿತ್ತು. ವ್ಯಾಪಾರಿಯು ತನ್ನ ಮನೆಯ ಮುಂದೆ ನೀರು ಚಿಮುಕಿಸಿ, ತನ್ನ ಊರಿನ ಪದ್ಧತಿಯಂತೆ ರಂಗೋಲಿ ಹಾಕಿದನು. ಅದು ಹೆಂಡತಿಯ ಕೆಲಸ, ಅವನಿಗೆ ಒಗ್ಗಲಿಲ್ಲ. ಆದರೂ ಹಾಕಿದನು.

ಗಾಳಿ ತಿರುಗಿದ ಇಪ್ಪತ್ತನೆಯ ದಿನ ಕಡಲಿನಲ್ಲಿ ಹಾಯಿಗಳು ಕಂಡವು. ಮುಂದೆ ಒಂದು ದೊಡ್ಡದು, ಹಿಂದೆ ಹನ್ನೆರಡು ಸಣ್ಣವು. ದೊಡ್ಡ ಹಾಯಿಯಲ್ಲಿ ಹಸಿರು ತೇಪೆ ಇತ್ತು. ವ್ಯಾಪಾರಿಯು ಸೊಂಟಮಟ್ಟದ ನೀರಿನವರೆಗೆ ಓಡಿದನು. ಎರಡೂ ಕೈ ಎತ್ತಿದನು. ಹೆಂಡತಿಯ ಹೆಸರು ಹಿಡಿದು ಕೂಗಿದನು. ಹಾಯಿಗಳು ಮೋಡದಂತೆ ನಿಧಾನವಾಗಿ, ಸದ್ದಿಲ್ಲದೆ, ಬಡಗಣ ದಿಕ್ಕಿಗೆ ಸಾಗಿದವು. ಒಂದೂ ತಿರುಗಲಿಲ್ಲ.

ಆ ವರ್ಷ ತೆಂಗಿನಕಾಯಿಯ ಎರಡು ಹೋಳುಗಳೂ ಒಬ್ಬನ ಕೈಯಲ್ಲಿದ್ದವು. ಒಂದೇ ಹೆಸರು ಬಂದಿತ್ತು.

ದಡದಲ್ಲಿ ನಿಂತವರು ಕಡೆಯ ಹಾಯಿ ಮರೆಯಾಗುವವರೆಗೆ ನೋಡಿದರು. ಯಾರೂ ಯಾರನ್ನೂ ಬೈಯಲಿಲ್ಲ. ಒಬ್ಬೊಬ್ಬರಾಗಿ ಹೋಗಿ ಬಾಗಿಲುಗಳನ್ನು ಕಳಚತೊಡಗಿದರು.

“ಈ ವರ್ಷ ಹಣ್ಣಿಗೆ ಇನ್ನೂ ಹೊತ್ತಿದೆ,” ಎಂದಳು ಮುದುಕಿ. “ಏನು ಮಾಡುವುದು, ಅಲ್ಲಿಯೇ ಹೋಗಿ ಕೂರಬೇಕು.”

ವ್ಯಾಪಾರಿಯು ಮರುವರ್ಷದ ಗಾಳಿಯವರೆಗೂ ಕಾದನು. ಮತ್ತೆ ಹಾಯಿಗಳು ಕಂಡವು, ಮತ್ತೆ ಬಡಗಣಕ್ಕೆ ಹೋದವು. ಕೊನೆಗೆ ಮೀನುಗಾರನ ದೋಣಿ ಹತ್ತಿ, ರೇವಿನಿಂದ ರೇವಿಗೆ ಸಾಗಿ ತನ್ನ ಊರು ಸೇರಿದನು. ಬಿಳಿಯ ಊರಿನಲ್ಲಿ ಕೊಂಡ ಮನೆ ಇದ್ದಲ್ಲೇ ಇದೆ. ಅದು ಇವತ್ತಿಗೂ ಅವನದೇ.

ಕತೆ ಅಲ್ಲಿಗೆ ನಿಂತಿತು. ನೀಲಾಂಬಿಕಾ ಬರೆದದ್ದನ್ನು ಮೊದಲಿನಿಂದ ಓದಿದರು. ಏನೋ ಬಿಟ್ಟುಹೋಗಿದೆ ಅನ್ನಿಸಿತು.

“ಅವಗ ಒಟ್ಟು ಎಷ್ಟು ಖರ್ಚಾತು ಅಂತ ನೀವು ಹೇಳಲಿಲ್ಲರೀ ಅಜ್ಜಾರ.”

“ಅದನ್ನೂ ಬರಕೋ. ಮನಿಗೆ ಅರ್ಧ ಹಡಗು. ಬಾಗಿಲಕ್ಕ ಮಗಳ ಮುತ್ತು. ತಿರುಗಿ ಕರಕೊಂಡು ಬಂದ ದೋಣಿಯವಗ ಆ ಬಾಗಿಲ. ದುಡಿಯೋ ವಯಸ್ಸಿನಾಗ ಎರಡು ವರ್ಷ. ಬಾಡಿಗಿ ಬಂದದ್ದು, ಏನೂ ಇಲ್ಲ.”

ನೀಲಾಂಬಿಕಾ ಒಂದರ ಕೆಳಗೆ ಒಂದು ಬರೆದರು. ಅಡಿಗೆರೆ ಎಳೆದರು. ಆ ದಿನದ ಬರಹ ಅಲ್ಲಿಗೇ ನಿಂತಿದೆ. ಆದರೂ ಮನಸ್ಸು ಒಪ್ಪಲಿಲ್ಲ.

“ಆದರ ಅವಾ ಕಣ್ಣಾರೆ ನೋಡಿದ್ದನಲ್ಲರೀ! ಒಂದಲ್ಲ ಎರಡಲ್ಲ, ಇಪ್ಪತ್ತು ವರ್ಷ ನೋಡಿದ್ದ. ಮನಿ ತುಂಬ ಮಂದಿ ಇದ್ರು. ಅದೇನು ಸುಳ್ಳೇನು?”

“ಸುಳ್ಳಲ್ಲವ್ವಾ,” ಎಂದರು ಅಜ್ಜನವರು. “ಅವಾ ಕೊಂಡ ಊರು, ಅವಾ ಮಾರಿದ ಹಡಗಿನಾಗ ಬರತಿತ್ತು.”